ತೋಬಾ ದಂಡೆಯ ಹಲ್ಲಿ

ಮೇಡಾನ್ ಕಡೆಯಿಂದ ಬರುವ ರಸ್ತೆ ಪರಾಪತ್‌ಗೆ ಇಳಿಯುವಾಗ ಪೈನ್ ಮರಗಳ ಸಂದಿಯಲ್ಲಿ ಒಮ್ಮೆಲೇ ನೀರು ಕಾಣುತ್ತದೆ. ಇಂಡೊನೇಷ್ಯಾದ ಉತ್ತರ ಸುಮಾತ್ರಾದ ತೋಬಾ ಸರೋವರ. ಕೆರೆ, ಸರೋವರ ಎಂಬ ಮಾತುಗಳೆಲ್ಲ ಇದರ ಮುಂದೆ ಚಿಕ್ಕವು: ಉದ್ದ ಸುಮಾರು 100 ಕಿಲೋಮೀಟರ್, ಆಳ 500 ಮೀಟರ್, ನಡುವೆ ಸಮೋಸಿರ್ ಎಂಬ ಒಂದು ನಾಡನ್ನೇ ಹೊತ್ತು ಕೂತಿದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಬಿಸಿಲಿದ್ದರೂ ಗಾಳಿ ತಣ್ಣಗೆ.

ಇಳಿಜಾರು ಮುಗಿಯುವಲ್ಲಿ ಪಂತಾಯ್ ಬೆಬಾಸ್. ಯಾರು ಬೇಕಾದರೂ ಬಂದು ಕೂರಬಹುದಾದ ದಂಡೆ. ಹಳೆಯ ದಂಡೆಯನ್ನು ಸರಕಾರ ಹೊಸದಾಗಿ ಕಟ್ಟಿತು. 2022ರ ಫೆಬ್ರವರಿಯಲ್ಲಿ ಆಗಿನ ಅಧ್ಯಕ್ಷ ಜೋಕೊ ವಿಡೋಡೊ ಬಂದು ಉದ್ಘಾಟಿಸಿದರು. ಅಂದಿನಿಂದ ಇದು ಈ ಸೀಮೆಯ ಬತಕ್ ಜನರ ಚಿಹ್ನೆಗಳನ್ನು ಬಯಲಿಗೆ ತಂದಿಟ್ಟ ಉದ್ಯಾನ.

ಕೆಂಪು, ಕಪ್ಪು, ಬಿಳಿ. ಬತಕ್ ಕಣ್ಣಿಗೆ ಈ ಮೂರೇ ಬಣ್ಣ ಸಾಕು. ಹಿಂದೆ ಮನೆ ಕಟ್ಟುವಾಗ ಕೆಂಪನ್ನು ಮಣ್ಣಿನಿಂದ, ಕಪ್ಪನ್ನು ಮಸಿಯಿಂದ, ಬಿಳಿಯನ್ನು ಸುಣ್ಣದಿಂದ ತೆಗೆಯುತ್ತಿದ್ದರು. ಆ ಬಣ್ಣ ತುಂಬಿದ ಮರದ ಕೆತ್ತನೆಗೆ ಗೊರ್ಗ ಎಂದು ಹೆಸರು. ಬಳ್ಳಿಯ ಹಾಗೆ ಸುರುಳಿ ಸುತ್ತಿ, ಸುರುಳಿಯಿಂದ ಇನ್ನೊಂದು ಸುರುಳಿ ಹೊರಟು, ಎಲ್ಲಿಯೂ ತುಂಡಾಗದೆ ಗೋಡೆಯಿಡೀ ಹರಿಯುವ ಗೆರೆ ಅದು. ಮನೆಯ ಮುಂಭಾಗದಲ್ಲಿ, ತೊಲೆಯ ತುದಿಗೆ, ಕಣ್ಣುಬ್ಬಿದ ಸಿಂಗನ ಮುಖ ಕಾವಲಿಗೆ. ಸಿಂಹವೆನ್ನಿ, ಸರ್ಪವೆನ್ನಿ, ಕೋಣವೆನ್ನಿ, ಮೂರೂ ಅದರಲ್ಲಿವೆ.

ಎಲ್ಲಕ್ಕಿಂತ ಹೆಚ್ಚು ಕಣ್ಣು ಕೀಳದಂತೆ ಮಾಡುವುದು ಬೊರಸ್ಪತಿ ಎಂಬ ಹಲ್ಲಿ. ಹಲ್ಲಿಯ ಎದುರಿಗೆ ನಾಲ್ಕು ಮೊಲೆಗಳು. ಮೊದಲ ಸಲ ನೋಡಿದವರು ಮುಖ ಬೇರೆ ಕಡೆ ತಿರುಗಿಸಬಹುದು. ಬತಕ್ ಅಜ್ಜಿಯಂದಿರು ಮಾತ್ರ ಬೆರಳಿಟ್ಟು ತೋರಿಸುತ್ತಾರೆ. ಹಲ್ಲಿ ಎಲ್ಲಿ ಬಿಟ್ಟರೂ ಬದುಕುತ್ತದೆ, ಯಾವ ಗೋಡೆಗಾದರೂ ಅಂಟಿಕೊಳ್ಳುತ್ತದೆ, ಮೊಲೆ ತಾಯಿಯದು. ಜಕಾರ್ತಾಕ್ಕೆ ಹೋಗು, ಕಡಲಾಚೆಗೆ ಹೋಗು, ಮುಖ ಮಾತ್ರ ಹುಟ್ಟಿದೂರಿನ ಕಡೆಗಿರಲಿ ಎಂದು ಅರ್ಥ ಹೇಳುತ್ತಾರೆ. ಈ ದಂಡೆಗೆ ರಜೆಯಲ್ಲಿ ಬರುವ ಕುಟುಂಬಗಳಲ್ಲಿ ಹಾಗೆ ಹೊರಗೆ ಹೋಗಿ ಬಂದವರೇ ಬಹಳ. ಮೊಮ್ಮಗ ಇಂಡೊನೇಷ್ಯನ್ ಭಾಷೆಯಲ್ಲಿ ಕೇಳುತ್ತಾನೆ, ಒಪ್ಪುಂಗ್, ಅಂದರೆ ಅಜ್ಜ, ಬತಕ್‌ನಲ್ಲಿ ಉತ್ತರ ಕೊಡುತ್ತಾನೆ.

ಈ ದಂಡೆಯ ಕಾಂಕ್ರೀಟಿನಲ್ಲಿ ಗೊರ್ಗ ಸ್ವಲ್ಪ ಸೊರಗಿದೆ ಎಂದೇ ನನಗನ್ನಿಸುತ್ತದೆ. ಉಳಿ ಆಡಿದ ಮರದಲ್ಲಿ ಗೆರೆಗೊಂದು ನಡುಕವಿರುತ್ತದೆ, ಅಚ್ಚಿನಲ್ಲಿ ಎರಕ ಹೊಯ್ದರೆ ಅದು ಬರುವುದಿಲ್ಲ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಈ ತಕರಾರಿಲ್ಲ. ಭಾನುವಾರ ಚರ್ಚು ಬಿಟ್ಟ ಮೇಲೆ ಬರುವ ಹೆಂಗಸರ ಹೆಗಲ ಮೇಲೆ ಉಲೋಸ್ ಇರುತ್ತದೆ, ಮಗ್ಗದಲ್ಲಿ ನೇಯ್ದ ಕಿರಿದಾದ ಶಾಲು. ಅದನ್ನು ಕೊಂಡು ಹೊದ್ದುಕೊಳ್ಳಬಹುದು. ಆದರೆ ಮದುವೆಯಲ್ಲಿ ಹೆಣ್ಣು ಕೊಟ್ಟ ಮನೆಯವರು ಬಂದು ಹೊದಿಸಿದ ಉಲೋಸ್‌ನ ತೂಕವೇ ಬೇರೆ.

ಈ ನಂಟಿನ ಲೆಕ್ಕಕ್ಕೆ ದಲಿಹಾನ್ ನ ತೊಲು ಎನ್ನುತ್ತಾರೆ, ಮೂರು ಒಲೆಗುಂಡು. ಹೆಣ್ಣು ಕೊಟ್ಟವರು ಒಂದು ಗುಂಡು, ಹೆಣ್ಣು ತಂದುಕೊಂಡವರು ಇನ್ನೊಂದು, ಒಂದೇ ಕುಲದ ಅಣ್ಣತಮ್ಮಂದಿರು ಮೂರನೆಯದು. ಒಂದು ಗುಂಡು ಸರಿದರೂ ಮಡಕೆ ಮಗುಚುತ್ತದೆ. ದಂಡೆಯ ಮೆಟ್ಟಿಲ ಮೇಲೆ ಅಪರಿಚಿತರಿಬ್ಬರು ಕೂತರೆ ‘ಹೊರಾಸ್’ ಎಂದು ಒಬ್ಬರಿಗೊಬ್ಬರು ಹೇಳಿದ ಮೇಲೆ ಬರುವ ಪ್ರಶ್ನೆ ಕುಲದ್ದು: ನಿಮ್ಮ ಮರ್ಗ ಯಾವುದು? ಅಮ್ಮನ ತವರು ಯಾವ ಮರ್ಗ? ಹಾಗೇ ಎಳೆ ಹಿಡಿದು ಹೋದರೆ ಹತ್ತು ನಿಮಿಷದಲ್ಲಿ ಒಬ್ಬ ಇನ್ನೊಬ್ಬನಿಗೆ ತುಲಾಂಗ್ ಆಗಿರುತ್ತಾನೆ, ಸೋದರಮಾವ. ಕೂಡಲೇ ಮಾತಿನ ದನಿ ತಗ್ಗುತ್ತದೆ, ಸಿಗರೇಟು ಮೊದಲು ಮಾವನಿಗೆ. ಒಂದೇ ಮರ್ಗದಲ್ಲಿ ಮದುವೆ ಕೂಡದು. ಸೋದರಮಾವನ ಮಗಳಾದರೆ ಬಹಳ ಒಳ್ಳೆಯದು. ಸೋದರತ್ತೆಯ ಮಗಳು ಮಾತ್ರ ಬೇಡ! ಕರ್ನಾಟಕದ ಹಳ್ಳಿಗಳಿಂದ ಹೋದವರು ಇಲ್ಲಿಯತನಕ ತಲೆಯಾಡಿಸಿ, ಈ ಕೊನೆಯ ಮಾತಿಗೆ ಹುಬ್ಬೇರಿಸುತ್ತಾರೆ.

ದಂಡೆಗೆ ಹತ್ತಿರದಲ್ಲೇ, ಎತ್ತರದಲ್ಲಿ, ಡಚ್ಚರ ಕಾಲದ ಬಿಳಿ ಬಂಗಲೆಯೊಂದಿದೆ. 1949ರಲ್ಲಿ ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕರ್ಣೊ ಅವರನ್ನು ಡಚ್ಚರು ಕೂಡಿಹಾಕಿದ್ದು ಅಲ್ಲಿ. ಸೆರೆಮನೆಗೆ ಇಷ್ಟು ಚೆಂದದ ಕಿಟಕಿ ಬೇರೆಲ್ಲೂ ಸಿಕ್ಕಿರಲಾರದು.

ಆ ಕಿಟಕಿಯಿಂದ ಕಾಣುವ ನೀಲಿಯೆಲ್ಲ ಒಂದು ಜ್ವಾಲಾಮುಖಿಯ ಬಾಯಿ. ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿದಾಗ ಬೂದಿ ಬಂಗಾಳಕೊಲ್ಲಿ ದಾಟಿ ಭಾರತದ ಮೇಲೂ ಸುರಿಯಿತು. ಆಂಧ್ರದ ಜ್ವಾಲಾಪುರಂನಲ್ಲಿ ಆ ಬೂದಿಯ ಪದರ ನೆಲದಡಿ ಇವತ್ತಿಗೂ ಇದೆ. ಅದರ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಉಪಕರಣಗಳನ್ನು ಅಗೆದು ತೆಗೆದ ತಂಡದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಇದ್ದರು. ಪರಾಪತ್‌ನ ದಂಡೆಯಲ್ಲಿ ಈ ಮಹಾಸ್ಫೋಟದ ನೆನಪು ಯಾರ ಮುಖದಲ್ಲೂ ಇಲ್ಲ. ಹುಡುಗರು ಹಡಗುಕಟ್ಟೆಯ ನೀರಿನಲ್ಲಿ ತೇಲುತ್ತ ಪ್ರಯಾಣಿಕರು ಎಸೆಯುವ ನಾಣ್ಯಕ್ಕೆ ಬಾಯಿ ಮಾಡುತ್ತಾರೆ. ಎಸೆದ ನಾಣ್ಯ ತಳ ಸೇರುವ ಮೊದಲೇ ಮುಳುಗಿ ಹಿಡಿದು, ಕೆನ್ನೆಯೊಳಗೆ ಸೇರಿಸಿ, ಮತ್ತೆ ಕೈ ಚಾಚುತ್ತಾರೆ.

ಹಸಿವಾದರೆ ಊರೊಳಗೆ ಆರ್ಸಿಕ್ ಸಿಗುತ್ತದೆ, ಅರಿಸಿನ ಹಚ್ಚಿ ನೀರು ಬತ್ತುವವರೆಗೆ ಬೇಯಿಸಿದ ಗೆಂಡೆಮೀನು. ಅದಕ್ಕೆ ಬೀಳುವ ಅಂದಲಿಮಾನ್ ನಮ್ಮ ಕರಾವಳಿಯ ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ಹತ್ತಿರದ ಬಳಗ. ನಾಲಿಗೆ ಅದೇ ರೀತಿ ಜುಂ ಎನ್ನುತ್ತದೆ.

ಮರದಲ್ಲೇ ಕೆತ್ತಿದ ಗೊರ್ಗ ನೋಡಲೇಬೇಕೆನ್ನುವವರು ತಿಗರಾಜ ಕಟ್ಟೆಯಲ್ಲಿ ದೋಣಿ ಹತ್ತಿ ಸಮೋಸಿರ್‌ಗೆ ದಾಟಬೇಕು. ತೊಮೊಕ್‌ನಲ್ಲಿ, ಸಿಮಾನಿಂಡೊದಲ್ಲಿ ಹಳೆಯ ಮನೆಗಳಿವೆ. ಬಾಗಿಲು ಬಹಳ ತಗ್ಗು, ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ದೋಣಿ ಹತ್ತುವ ಮೊದಲು ಪರಾಪತ್‌ನ ಪುಟ್ಟ ಮಾವಿನಹಣ್ಣು ಕೊಂಡುಕೊಳ್ಳಿ. ಮಾರುವಾಕೆ ಮೊದಲು ಹೇಳುವ ಬೆಲೆಗೆ ಒಪ್ಪಬೇಡಿ, ಅವಳೂ ಅದನ್ನು ನಿರೀಕ್ಷಿಸಿರುವುದಿಲ್ಲ.