ಸೂರತ್‌ನಿಂದ ವಡೋದರಕ್ಕೆ ರಾತ್ರಿಯ ನಕಲು

ಪ್ರಶ್ನೆ: ಸೂರತ್‌ನ ಬಟ್ಟೆ ವ್ಯಾಪಾರದ ಕಚೇರಿಯಲ್ಲಿ ವಿಂಡೋಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ವಡೋದರ, ಅಹಮದಾಬಾದ್‌ಗಳಲ್ಲೂ ಶಾಖೆಗಳಿವೆ. ದಿನನಿತ್ಯದ ಕೆಲಸಕ್ಕೆ ಯಾವ ಸ್ಕ್ರಿಪ್ಟ್ ಒಳ್ಳೆಯದು?

ಉತ್ತರ: ಮೊದಲು ಬ್ಯಾಕಪ್. 2006ರ ಆಗಸ್ಟ್‌ನಲ್ಲಿ ಉಕಾಯ್ ಅಣೆಕಟ್ಟಿನ ನೀರು ತಾಪಿ ನದಿಗೆ ಬಿಟ್ಟಾಗ ಸೂರತ್‌ನ ಬಹುಭಾಗ ಮುಳುಗಿತ್ತು. ಹಾಗಾಗಿ ಲೆಕ್ಕಪತ್ರದ ನಕಲು ಅದೇ ಕಟ್ಟಡದಲ್ಲಿದ್ದರೆ ಇದ್ದೂ ಇಲ್ಲದಂತೆ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿಯನ್ನು ಎರಡು ಸಾಲಿನ ಬ್ಯಾಚ್ ಫೈಲ್‌ನಲ್ಲಿಟ್ಟು, ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿ. ಬದಲಾದ ಫೈಲುಗಳಷ್ಟೇ ರಾತ್ರಿ ವಡೋದರ ಸೇರುತ್ತವೆ. 'ಮಿರ್' ಆಯ್ಕೆಯ ಬಗ್ಗೆ ಮಾತ್ರ ಹುಷಾರು: ಇಲ್ಲಿ ಅಳಿಸಿದ್ದನ್ನು ಅದು ಅಲ್ಲಿಯೂ ಅಳಿಸುತ್ತದೆ. ರ‍್ಯಾನ್ಸಮ್‌ವೇರ್ ಕೆಡಿಸಿದ ಫೈಲನ್ನೂ ನಿಷ್ಠೆಯಿಂದ ನಕಲಿಸುತ್ತದೆ! ಅದಕ್ಕೇ ವಾರಕ್ಕೊಂದು ಪ್ರತಿ ಅಹಮದಾಬಾದ್‌ನಲ್ಲಿ, ಜಾಲದಿಂದ ಕಳಚಿಟ್ಟ ಡಿಸ್ಕ್‌ನಲ್ಲಿರಲಿ. ರೋಬೋಕಾಪಿಯನ್ನು ಮೊದಲ ಸಲ ಓಡಿಸುವಾಗ 'ಎಲ್' ಆಯ್ಕೆ ಹಾಕಿ. ಏನು ಮಾಡಲಿದೆಯೆಂದು ತೋರಿಸುತ್ತದೆ, ಏನನ್ನೂ ಮಾಡುವುದಿಲ್ಲ.

ಡಿಸ್ಕ್ ತುಂಬಿದೆಯೇ, ಯಾವ ಸರ್ವಿಸ್ ನಿಂತಿದೆ, ಕೆಲಸ ಬಿಟ್ಟ ಯಾರ ಖಾತೆ ಇನ್ನೂ ಉಳಿದಿದೆ ಎಂಬಂಥವಕ್ಕೆ ಪವರ್‌ಶೆಲ್. ಅದರ ಅಳಿಸುವ ಆಜ್ಞೆಗಳಿಗೆ 'ವಾಟ್ಇಫ್' ಸೇರಿಸಿ ಪರೀಕ್ಷಿಸಿಕೊಳ್ಳಿ.

ಹಳೆಯ ವಿಬಿಸ್ಕ್ರಿಪ್ಟ್‌ಗಳಿದ್ದರೆ ಈಗಲೇ ಬದಲಿಸಿ. ಮೈಕ್ರೋಸಾಫ್ಟ್ 2023ರಲ್ಲಿ ಅದಕ್ಕೆ ವಿದಾಯ ಘೋಷಿಸಿದೆ. ಎಲ್ಲಿಂದಲೋ ಇಳಿಸಿಕೊಂಡ ಸ್ಕ್ರಿಪ್ಟನ್ನು ಓದದೆ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಡಿ. ಪಾಸ್‌ವರ್ಡನ್ನಂತೂ ಅದರೊಳಗೆ ಬರೆಯಲೇಬೇಡಿ.