ಸ್ಪೇನಿನ ಊಟದ ಹೊತ್ತು

ಸ್ಪೇನಿಗೆ ಹೋಗಿ ನೆಲೆಸಿದ ಹೊರದೇಶದವರನ್ನು ಮೊದಲು ಕಾಡುವುದು ಹಸಿವು. ಅಲ್ಲಿ ಮಧ್ಯಾಹ್ನದ ಊಟ 2ರಿಂದ 3 ಗಂಟೆಗೆ. ರಾತ್ರಿಯೂಟ 9 ದಾಟಿದ ಮೇಲೆ. ಸಂಜೆ 7ಕ್ಕೆ ಹೋದರೆ ಎಷ್ಟೋ ಹೋಟೆಲುಗಳಲ್ಲಿ ಒಲೆಯನ್ನೇ ಹಚ್ಚಿರುವುದಿಲ್ಲ. ಇದನ್ನು ಸೋಮಾರಿತನವೆಂದು ಹೀಗಳೆಯುವವರಿಗೆ ಗಡಿಯಾರದ ಕಥೆ ಗೊತ್ತಿಲ್ಲ.

ಗ್ರೀನಿಚ್ ರೇಖೆ ಸ್ಪೇನಿನ ಪೂರ್ವಭಾಗದಲ್ಲೇ ಹಾದುಹೋಗುತ್ತದೆ. ಹಾಗಾಗಿ ಹಿಂದೆ ಅಲ್ಲಿದ್ದದ್ದು ಗ್ರೀನಿಚ್ ಸಮಯವೇ. 1940ರ ಮಾರ್ಚ್‌ನಲ್ಲಿ ಫ್ರಾಂಕೋ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿತು. ಮಹಾಯುದ್ಧ ಮುಗಿದ ಮೇಲೂ ದೇಶ ಹಳೆಯ ಸಮಯಕ್ಕೆ ಮರಳಲಿಲ್ಲ. ಪಕ್ಕದ ಪೋರ್ಚುಗಲ್‌ನ ಗಡಿಯಾರ ಇಂದಿಗೂ ಒಂದು ಗಂಟೆ ಹಿಂದಿದೆ.

ಬೇಸಿಗೆಯಲ್ಲಿ ಗಡಿಯಾರ ಇನ್ನೂ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಗ ಮ್ಯಾಡ್ರಿಡ್‌ನಲ್ಲಿ ನಡುಮಧ್ಯಾಹ್ನವಾಗುವುದೇ 2 ಗಂಟೆ ದಾಟಿದ ಮೇಲೆ. ಪಶ್ಚಿಮ ತೀರದ ವೀಗೋ ನಗರದಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವಾಗ ರಾತ್ರಿ 10 ಕಳೆದಿರುತ್ತದೆ! ಸೂರ್ಯನ ಲೆಕ್ಕದಲ್ಲಿ ನೋಡಿದರೆ ಸ್ಪೇನಿನವರು ಹೊತ್ತಿಗೆ ಸರಿಯಾಗಿಯೇ ಉಣ್ಣುತ್ತಾರೆ.

ಆದರೆ ಬೆಳಗಿನ ಕಚೇರಿ, ಶಾಲೆಗಳು ಸೂರ್ಯನಿಗಾಗಿ ಕಾಯುವುದಿಲ್ಲ. ತಡವಾಗಿ ಉಂಡು, ತಡವಾಗಿ ಮಲಗಿ, ಗಡಿಯಾರ ನೋಡಿ ಏಳಬೇಕು, ನಷ್ಟ ನಿದ್ದೆಗೆ. 2016ರಲ್ಲಿ ಪ್ರಧಾನಿ ಮರಿಯಾನೊ ರಹೋಯ್ ಸಂಜೆ 6ಕ್ಕೇ ಕೆಲಸ ಮುಗಿಸುವ, ಹಳೆಯ ಸಮಯಕ್ಕೆ ಮರಳುವ ವಿಚಾರವನ್ನು ಮುಂದಿಟ್ಟರು. ಅದು ಮಾತಿನಲ್ಲೇ ಉಳಿಯಿತು. ಹೊಸದಾಗಿ ಬಂದವರು ಸಂಜೆಯ ಹಸಿವಿಗೆ ಒಂದಿಷ್ಟು ತಿಂಡಿ ತಿಂದು, ರಾತ್ರಿಯೂಟಕ್ಕೆ ಕಾಯುವುದನ್ನು ಕಲಿಯುತ್ತಾರೆ.