ಜೋಡಿ ಸಿಗದ ವಾಲ್ವು

ಹಳೆಯ ರೇಡಿಯೊದ ಹಿಂಬದಿಯ ರಟ್ಟು ತೆಗೆದು ಇಣುಕಿದವರಿಗೆ ಕೆಂಪಗೆ ಮಿನುಗುವ ವಾಲ್ವುಗಳ ನೆನಪಿರಬಹುದು. ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯೂ ಒಂದು ಕಾಲಕ್ಕೆ ಇವನ್ನು ತಯಾರಿಸುತ್ತಿತ್ತು. ರೇಡಿಯೊದಿಂದ ವಾಲ್ವು ಮರೆಯಾದರೂ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವ ಹವ್ಯಾಸಿಗಳು ಅದನ್ನು ಕೈಬಿಟ್ಟಿಲ್ಲ. ಅವರನ್ನು ಕಾಡುವ ಹಳೆಯ ಪ್ರಶ್ನೆಯೊಂದಿದೆ: ಟ್ರಾನ್ಸಿಸ್ಟರಿಗಿರುವ ಜೋಡಿ ವಾಲ್ವಿಗೇಕಿಲ್ಲ?

ಟ್ರಾನ್ಸಿಸ್ಟರುಗಳಲ್ಲಿ ಎನ್‌ಪಿಎನ್, ಪಿಎನ್‌ಪಿ ಎಂಬ ಎರಡು ಜಾತಿ. ಒಂದರಲ್ಲಿ ವಿದ್ಯುತ್ ಹರಿಯುವ ದಿಕ್ಕು ಇನ್ನೊಂದರಲ್ಲಿ ತಿರುವುಮುರುವು. ಧ್ವನಿಯ ಅಲೆ ಏರುವಾಗ ಒಂದು ದುಡಿದರೆ ಇಳಿಯುವಾಗ ಮತ್ತೊಂದು. ಗರಗಸದ ಎರಡು ತುದಿ ಹಿಡಿದ ಇಬ್ಬರು ಬಡಗಿಗಳಂತೆ. ಈ ಪೂರಕ ಜೋಡಿಯ ಉಪಯೋಗವನ್ನು ಅಮೆರಿಕದ ಜಾರ್ಜ್ ಸಿಕ್ಲಾಯ್ 1953ರಲ್ಲಿ ವಿವರಿಸಿದರು.

ವಾಲ್ವಿನಲ್ಲಿ ಇದು ಆಗದ ಮಾತು. ಕಾದ ಕ್ಯಾಥೋಡಿನಿಂದ ಹೊರಡುವುದು ಋಣ ವಿದ್ಯುದಂಶದ ಎಲೆಕ್ಟ್ರಾನು ಮಾತ್ರ. ಅದು ಧನ ಪ್ಲೇಟಿನತ್ತ ಓಡುತ್ತದೆಯೇ ವಿನಾ ಹಿಂದಕ್ಕಲ್ಲ. ವಿರುದ್ಧ ಜಾತಿಯ ವಾಲ್ವು ಬೇಕಾದರೆ ಧನ ಕಣಗಳು ಹೊರಡಬೇಕು. ಪ್ರೋಟಾನು ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. 1932ರಲ್ಲಿ ಕಾರ್ಲ್ ಆಂಡರ್ಸನ್ ಕಂಡುಹಿಡಿದ ಪಾಸಿಟ್ರಾನು ತೂಕದಲ್ಲಿ ಸಮವೇನೋ ಹೌದು. ಆದರೆ ಎಲೆಕ್ಟ್ರಾನು ಎದುರಾದರೆ ಎರಡೂ ಇಲ್ಲವಾಗುತ್ತವೆ!

ವಾಲ್ವನ್ನು ತಿರುಗಿಸಲಾಗದಿದ್ದರೆ ಸಂಕೇತವನ್ನೇ ತಿರುಗಿಸುವುದು ಉಪಾಯ. ಬ್ರಿಟನ್ನಿನ ಡಿ.ಟಿ.ಎನ್. ವಿಲಿಯಮ್ಸನ್ 1947ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ, ಹವ್ಯಾಸಿಗಳು ಮನೆಮನೆಯಲ್ಲಿ ಕಟ್ಟಿದ ಮಂಡಲದಲ್ಲಿ ಇರುವುದೂ ಇದೇ. ಅಲ್ಲಿ ಒಂದು ಟ್ರಯೋಡಿನ ಪ್ಲೇಟಿಗೂ ಕ್ಯಾಥೋಡಿಗೂ ಸಮಾನ ರೋಧಕಗಳು. ಒಂದು ಕಡೆ ಸಂಕೇತ ಏರಿದರೆ ಇನ್ನೊಂದು ಕಡೆ ಅಷ್ಟೇ ಇಳಿಯುತ್ತದೆ. ಈ ಎರಡು ಸಂಕೇತಗಳು ಮತ್ತೊಂದು ಹಂತ ದಾಟಿ ಒಂದೇ ಜಾತಿಯ ಎರಡು ಕೆಟಿ66 ವಾಲ್ವುಗಳನ್ನು ನಡೆಸುತ್ತವೆ. ಸಿಗುವ ಶಕ್ತಿ ಸುಮಾರು 15 ವಾಟ್.

ಹೀಗೆ ಬೇರ್ಪಟ್ಟದ್ದನ್ನು ಮತ್ತೆ ಕೂಡಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಇಡೀ ಯಂತ್ರದ ಕಷ್ಟವೂ ಖರ್ಚೂ ಇಲ್ಲೇ. ತಂತಿಯ ಸುರುಳಿಗಳನ್ನು ಪದರ ಪದರವಾಗಿ ಹೆಣೆದು ಸುತ್ತಬೇಕು. ವಿಲಿಯಮ್ಸನ್ ಸ್ಪೀಕರಿನ ತುದಿಯಿಂದ ಮೊದಲ ವಾಲ್ವಿಗೆ ಸಂಕೇತದ ಒಂದಂಶವನ್ನು ಹಿಂತಿರುಗಿಸಿ ದೋಷ ತಗ್ಗಿಸಿದರು. ಟ್ರಾನ್ಸ್‌ಫಾರ್ಮರ್ ಕಳಪೆಯಾದರೆ ಆ ಹಿಂತಿರುಗುವ ಸಂಕೇತವೇ ಹೊತ್ತು ತಪ್ಪಿ ಬಂದು, ಯಂತ್ರ ಹಾಡುವ ಬದಲು ತಾನೇ ಊಳಿಡತೊಡಗುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರ್ ನಂಬಿ ಕೆಟ್ಟ ಹವ್ಯಾಸಿಗಳು ಕಡಿಮೆಯೇನಲ್ಲ. ಅಂದಹಾಗೆ, ಒಳಗೆ 400 ವೋಲ್ಟ್‌ಗೂ ಮೀರಿದ ವಿದ್ಯುತ್ತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಅದು ಉಳಿದಿರಬಹುದು. ಕೈ ಹಾಕುವವರು ಎಚ್ಚರದಿಂದಿರಬೇಕು.

ಟ್ರಾನ್ಸಿಸ್ಟರಿಗೂ ಜೋಡಿ ಆರಂಭದಲ್ಲಿ ಸುಲಭವಾಗಿ ಸಿಗಲಿಲ್ಲ. ಹೆಚ್ಚು ಶಕ್ತಿಯ, ಸಮಬಲದ ಎರಡೂ ಜಾತಿಗಳು ದುರ್ಲಭವಾಗಿದ್ದುದರಿಂದ 1956ರಲ್ಲಿ ಎಚ್.ಸಿ. ಲಿನ್ ಔಟ್‌ಪುಟ್ಟಿಗೆ ಒಂದೇ ಜಾತಿಯ ಎರಡನ್ನು ಹಾಕಿ, ಅವುಗಳ ಹಿಂದೆ ಚಿಕ್ಕ ಪೂರಕ ಜೋಡಿಯನ್ನಿಟ್ಟು ಕೆಲಸ ಸಾಧಿಸಿದರು.